ಒಳಗೆ ಬಿದ್ದದ್ದೆಷ್ಟು? ಮದ್ರಾಸಿನ ವಿಕಿರಣ ಚಿಕಿತ್ಸೆ ಮತ್ತು ಒಂದು ಅಳತೆಯ ಚರಿತ್ರೆ

1984ರ ಬೇಸಿಗೆಯಲ್ಲಿ ಬಂಗಾರಪೇಟೆಯ ನನ್ನ ಸೋದರತ್ತೆಯನ್ನು ಗರ್ಭಕೊರಳಿನ ಕ್ಯಾನ್ಸರಿನ ಚಿಕಿತ್ಸೆಗಾಗಿ ಮದ್ರಾಸಿಗೆ ಕರೆತಂದರು. ಐದು ವಾರ ದಿನಾ ವಿಕಿರಣ, ಶನಿವಾರ ಭಾನುವಾರ ಬಿಡುವು. ಆ ಊರಿನಲ್ಲೇ ಕಾಲೇಜು ಓದುತ್ತಿದ್ದ ನನ್ನ ಪಾಲಿಗೆ ಬಂದದ್ದು ಬೆಳಿಗ್ಗೆ ಅವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ವಾಪಸು ಛತ್ರಕ್ಕೆ ಮುಟ್ಟಿಸುವ ಕೆಲಸ. ಹೊಟ್ಟೆಯ ಮೇಲೆ ನೇರಳೆ ಮಸಿಯಲ್ಲಿ ಚೌಕ ಎಳೆದಿದ್ದರು. ಅದನ್ನು ನೀರು ತಾಗಿಸಿ ಅಳಿಸಬಾರದೆಂದು ಅಪ್ಪಣೆಯಾಗಿತ್ತು. ಮದ್ರಾಸಿನ ಮೇ ತಿಂಗಳಲ್ಲಿ ಸ್ನಾನವಿಲ್ಲದೆ ಇರುವುದು ಅತ್ತೆಗೆ ರೋಗಕ್ಕಿಂತ ದೊಡ್ಡ ಶಿಕ್ಷೆಯಾಗಿತ್ತು.

ಎರಡನೆಯ ವಾರದಲ್ಲಿ ಒಂದು ದಿನ ಅವರು ಕೇಳಿದರು: "ಏ ಪುಟ್ಟಿ, ಸಾರಿಗೆ ಉಪ್ಪು ಹಾಕಿದ್ರೆ ರುಚಿ ನೋಡಿ ಹೇಳಬಹುದು. ಇದು ಕಣ್ಣಿಗೆ ಕಾಣಲ್ಲ, ಮೈಗೆ ತಾಕಲ್ಲ. ಒಳಗೆ ಎಷ್ಟು ಬಿತ್ತು ಅಂತ ಇವರಿಗೆ ಹೇಗೆ ಗೊತ್ತಾಗುತ್ತೆ?" ನನಗೆ ಉತ್ತರ ತಿಳಿದಿರಲಿಲ್ಲ. ಯಂತ್ರದಲ್ಲಿ ಮೀಟರ್ ಇರುತ್ತದೆ ಎಂದೆ. ಅದು ಪೂರ್ತಿ ಸುಳ್ಳಲ್ಲದಿದ್ದರೂ ಉತ್ತರವೂ ಅಲ್ಲವೆಂದು ಅರಿಯಲು ನನಗೆ ಬಹಳ ವರ್ಷ ಬೇಕಾಯಿತು. ಯಂತ್ರದ ಅಳತೆ ಯಂತ್ರದಿಂದ ಹೊರಟದ್ದರ ಅಳತೆ. ಅತ್ತೆ ಕೇಳಿದ್ದು ಒಳಗೆ ಬಿದ್ದದ್ದನ್ನು.

ವಿಕಿರಣ ಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯುತ್ತಾರೆ: ಮೊದಲು ಎಕ್ಸ್‌ರೇ, ಆಮೇಲೆ ರೇಡಿಯಂ, ಕೋಬಾಲ್ಟ್, ಲೀನಿಯರ್ ಆಕ್ಸಲರೇಟರ್, ಈಗ ಪ್ರೋಟಾನ್. ಇವಿಷ್ಟೂ ಮದ್ರಾಸಿಗೆ ಒಂದರ ಹಿಂದೊಂದು ಬಂದಿವೆ. ಹಾಗಾಗಿ ಅತ್ತೆಯ ಪ್ರಶ್ನೆ ಹಿಡಿದು ಹೊರಟವರಿಗೆ ಈ ಊರು ಒಳ್ಳೆಯ ದಾರಿ.

ರಾಂಟ್‌ಜನ್ 1895ರಲ್ಲಿ ಎಕ್ಸ್ ಕಿರಣಗಳನ್ನು ಕಂಡ ಮೇಲೆ ಅವು ಚಿಕಿತ್ಸೆಗೆ ಬಳಕೆಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಳತೆ ಮಾತ್ರ ಹಿಂದುಳಿಯಿತು. ಮೊದಲ ವೈದ್ಯರಿಗಿದ್ದ ಮಾಪಕ ರೋಗಿಯ ಚರ್ಮವೇ. ಚರ್ಮ ಕೆಂಪಗಾಗುವಷ್ಟು ಕಿರಣ ಕೊಟ್ಟರೆ ಅದೊಂದು 'ಕೆಂಪು ಡೋಸ್'. ಆದರೆ ಕೆಂಪಾಗುವುದು ದಿನಗಳ ಮೇಲೆ. ಅಷ್ಟು ಹೊತ್ತಿಗೆ ಹೆಚ್ಚಾಗಿದ್ದರೆ ಆಗಿಹೋಗಿರುತ್ತಿತ್ತು. ಪ್ಯಾರಿಸಿನ ಸಾಬುರೋ ಮತ್ತು ನುವಾರೆ ಎಂಬ ಇಬ್ಬರು 1904ರಲ್ಲಿ ಬೇರಿಯಂ ಪ್ಲಾಟಿನೊಸಯನೈಡ್ ಎಂಬ ವಸ್ತುವಿನ ಪುಟ್ಟ ಬಿಲ್ಲೆಗಳನ್ನು ಬಳಕೆಗೆ ತಂದರು. ಕಿರಣ ಬಿದ್ದಂತೆ ಬಿಲ್ಲೆಯ ಹಸಿರು ಬಣ್ಣ ಕಂದು ಹಳದಿಗೆ ತಿರುಗುತ್ತಿತ್ತು. ಅದನ್ನು ಬಣ್ಣದ ಪಟ್ಟಿಯೊಂದಕ್ಕೆ ಹಿಡಿದು ನೋಡಿ, ಮಕ್ಕಳ ತಲೆಯ ಹುಳುಕಡ್ಡಿಗೆ ಕೊಟ್ಟ ಕಿರಣ ಸಾಕೋ ಬೇಕೋ ಎಂದು ತೀರ್ಮಾನಿಸುತ್ತಿದ್ದರು. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡಿದ ಹಾಗೆ. ಪ್ರಪಂಚವೆಲ್ಲ ಒಪ್ಪುವ ಮಾನ, ಅಂದರೆ ರಾಂಟ್‌ಜನ್ ಎಂಬ ಮಾನ, ಸಿದ್ಧವಾದದ್ದು 1928ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ. ಅದು ಗಾಳಿಯಲ್ಲಿ ಕಿರಣ ಉಂಟುಮಾಡುವ ವಿದ್ಯುದಂಶವನ್ನು ಅಳೆಯುತ್ತಿತ್ತು. ಗಾಳಿಯಲ್ಲಿ, ಮೈಯಲ್ಲಲ್ಲ.

ಮದ್ರಾಸಿನ ಜನರಲ್ ಆಸ್ಪತ್ರೆಯ ಆವರಣದಲ್ಲಿ, ಸೆಂಟ್ರಲ್ ರೈಲು ನಿಲ್ದಾಣದ ಎದುರಿಗೆ, ಬರ್ನಾರ್ಡ್ ವಿಕಿರಣಶಾಸ್ತ್ರ ಸಂಸ್ಥೆ ಆರಂಭವಾದದ್ದು 1934ರಲ್ಲಿ. ಅದನ್ನು ಕಟ್ಟಲು ದುಡಿದ ಕ್ಯಾಪ್ಟನ್ ಟಿ. ಡಬ್ಲ್ಯೂ. ಬರ್ನಾರ್ಡ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅದೇ 1934ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ಯಾಟರ್ಸನ್ ಮತ್ತು ಪಾರ್ಕರ್ ರೇಡಿಯಂ ಸೂಜಿಗಳನ್ನು ಗಡ್ಡೆಯ ಸುತ್ತ ಹೇಗೆ ಜೋಡಿಸಬೇಕು, ಎಷ್ಟು ಗಂಟೆ ಬಿಡಬೇಕು ಎನ್ನುವ ಕೋಷ್ಟಕಗಳನ್ನು ಪ್ರಕಟಿಸಿದರು. ಈ ಕೋಷ್ಟಕಗಳು ಪ್ರಪಂಚದ ಬಹುಪಾಲು ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಪಂಚಾಂಗದಂತೆ ಬಳಕೆಯಾದವು. ಪಂಚಾಂಗದ ಹೋಲಿಕೆಯನ್ನು ಗೌರವದಿಂದಲೇ ಮಾಡುತ್ತಿದ್ದೇನೆ. ಗ್ರಹಣ ಯಾವಾಗ ಎಂದು ಪಂಚಾಂಗ ಸರಿಯಾಗಿಯೇ ಹೇಳುತ್ತದೆ, ಆದರೆ ಅದು ಆಕಾಶವನ್ನು ನೋಡಿ ಹೇಳಿದ್ದಲ್ಲ, ಲೆಕ್ಕ ಹಾಕಿ ಹೇಳಿದ್ದು. ಕೋಷ್ಟಕದ ರೋಗಿ ಒಬ್ಬಳೇ. ಮೇಜಿನ ಮೇಲೆ ಮಲಗಿದ ರೋಗಿಗಳು ನೂರಾರು ಆಕಾರದವರು.

ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಕಥೆ ಇಲ್ಲಿ ಬರಬೇಕು. ಮದ್ರಾಸ್ ವೈದ್ಯಕೀಯ ಕಾಲೇಜಿನಿಂದ 1912ರಲ್ಲಿ ಪದವಿ ಪಡೆದು ಹೊರಬಂದ ಅವರು ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಶಾಸಕಿಯಾಗಿ ನಮಗೆ ಪರಿಚಿತರು. ಅವರ ತಂಗಿ ಸುಂದರಾಂಬಾಳ್ ಕ್ಯಾನ್ಸರಿನಿಂದ ತೀರಿಕೊಂಡರು. ಮೊದಲಿಗೆ ಅದನ್ನು ಆಮಶಂಕೆಯೆಂದು ಬಗೆದು ಔಷಧಿ ಕೊಟ್ಟಿದ್ದರಂತೆ. ಅಕ್ಕ ಸ್ವತಃ ವೈದ್ಯೆ, ಆದರೂ ಉಳಿಸಿಕೊಳ್ಳಲಾಗಲಿಲ್ಲ. ಆ ದುಃಖದಿಂದ ಹುಟ್ಟಿದ ಆಸ್ಪತ್ರೆಗೆ 1952ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು. 1954ರಲ್ಲಿ ಅಡ್ಯಾರಿನಲ್ಲಿ 12 ಹಾಸಿಗೆಗಳೊಂದಿಗೆ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತೆರೆಯಿತು. ಮುತ್ತುಲಕ್ಷ್ಮಿಯವರ ಮಗ ಡಾ. ಎಸ್. ಕೃಷ್ಣಮೂರ್ತಿ ಅದರ ಹೊಣೆ ಹೊತ್ತರು, ಮರುವರ್ಷ ಡಾ. ವಿ. ಶಾಂತಾ ಸೇರಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಶಾಂತಾ ಆ ಆಸ್ಪತ್ರೆಯನ್ನು ಬಿಡಲಿಲ್ಲ.

ಅದೇ ದಶಕದ ಉತ್ತರಾರ್ಧದಲ್ಲಿ ಕೆನಡಾದಿಂದ 'ಎಲ್ಡೊರಾಡೊ' ಎಂಬ ಹೆಸರಿನ ಕೋಬಾಲ್ಟ್ ಯಂತ್ರ ಅಡ್ಯಾರಿಗೆ ಬಂತು. ದೇಶದ ಮೊದಲ ಕೋಬಾಲ್ಟ್ ಚಿಕಿತ್ಸಾ ಯಂತ್ರ ಅದು. ಇದೇ ಬಗೆಯ ಯಂತ್ರದಿಂದ ಕೆನಡಾದ ಲಂಡನ್ ಎಂಬ ಊರಿನಲ್ಲಿ ಪ್ರಪಂಚದ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟದ್ದು 1951ರ ಅಕ್ಟೋಬರಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ಮದ್ರಾಸಿಗೆ ಬಂದದ್ದು ಸಣ್ಣ ಸಾಧನೆಯಲ್ಲ. ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಅದಕ್ಕೆ ಮುಂಚೆ ಕೋಲಾರ, ಬಂಗಾರಪೇಟೆ ಕಡೆಯವರಿಗೆ ಮದ್ರಾಸಿನ ರೈಲೇ ಹತ್ತಿರದ ದಾರಿ. 1984ರಲ್ಲೂ ನಮ್ಮ ಮನೆಯ ಹಿರಿಯರಿಗೆ ಹೊಳೆದದ್ದು ಆ ರೈಲೇ.

ಕೋಬಾಲ್ಟ್ ಯಂತ್ರದ ದೊಡ್ಡ ಗುಣವನ್ನು ಪಠ್ಯಪುಸ್ತಕಗಳು ಹೀಗೆ ಹೇಳುತ್ತವೆ: ಅದು ಚರ್ಮವನ್ನು ಸುಡುವುದು ಕಡಿಮೆ. ಹಳೆಯ ಎಕ್ಸ್‌ರೇ ಯಂತ್ರದ ಕಿರಣಗಳು ಚರ್ಮದ ಮೇಲೆಯೇ ಅತಿ ಹೆಚ್ಚು ಶಕ್ತಿ ಸುರಿಯುತ್ತಿದ್ದವು. ಕೋಬಾಲ್ಟಿನ ಗಾಮಾ ಕಿರಣಗಳ ಡೋಸ್ ಚರ್ಮದ ಕೆಳಗೆ ಸುಮಾರು ಅರ್ಧ ಸೆಂಟಿಮೀಟರ್ ಆಳದಲ್ಲಿ ಗರಿಷ್ಠವಾಗುತ್ತದೆ. ಆ ಬಳಿಕ ಬಂದ ಲೀನಿಯರ್ ಆಕ್ಸಲರೇಟರುಗಳಲ್ಲಿ, ಆರು ಮೆಗಾವೋಲ್ಟಿನ ಕಿರಣಕ್ಕೆ, ಒಂದೂವರೆ ಸೆಂಟಿಮೀಟರ್ ಆಳದಲ್ಲಿ. ರೋಗಿಗಳಿಗೆ ಇದರಿಂದ ಆದ ಉಪಕಾರ ಅಷ್ಟಿಷ್ಟಲ್ಲ. ಆದರೆ ಪಠ್ಯಪುಸ್ತಕಗಳು ಹೆಚ್ಚಾಗಿ ಗಮನಿಸದ ಒಂದು ಸಂಗತಿಯಿದೆ. ಅರವತ್ತು ವರ್ಷ ವೈದ್ಯರಿಗೆ ಒರಟಾಗಿಯಾದರೂ ಸುದ್ದಿ ಕೊಡುತ್ತಿದ್ದ ಚರ್ಮ ಎಂಬ ಮಾಪಕ ಈಗ ಬಹುಮಟ್ಟಿಗೆ ಬಾಯಿ ಮುಚ್ಚಿತು. ತಪ್ಪು ನಡೆದರೆ ಅದು ಒಳಗೇ ನಡೆಯುತ್ತಿತ್ತು. ಹೊರಗೆ ಕಾಣುವ ಹೊತ್ತಿಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದಿರುತ್ತಿದ್ದವು.

ಚರ್ಮದ ಜಾಗಕ್ಕೆ ಗಣಿತ ಬಂತು. ನೀರು ತುಂಬಿದ ತೊಟ್ಟಿಯನ್ನು ರೋಗಿಯ ಬದಲಿಗೆ ಯಂತ್ರದ ಕೆಳಗಿಟ್ಟು, ಅದರೊಳಗೆ ಅಯೊನೈಸೇಷನ್ ಛೇಂಬರ್ ಎಂಬ ಉಪಕರಣವನ್ನು ಇಳಿಸಿ, ಎಷ್ಟು ಆಳದಲ್ಲಿ ಎಷ್ಟು ಡೋಸ್ ಎಂದು ಅಳೆದು ಬರೆದಿಡುತ್ತಾರೆ. ಮನುಷ್ಯನ ಮೈ ಬಹುಪಾಲು ನೀರೇ ಅಲ್ಲವೇ. ಇಂಗ್ಲೆಂಡಿನ ಫಾರ್ಮರ್ 1955ರಲ್ಲಿ ರೂಪಿಸಿದ ಛೇಂಬರ್ ಇವತ್ತಿಗೂ ಈ ಕೆಲಸದ ರಾಜ. ಅದರೊಳಗಿನ ಗಾಳಿಯ ಗಾತ್ರ 0.6 ಘನ ಸೆಂಟಿಮೀಟರ್. ಹೊರಗಿನಿಂದ ಕಿರುಬೆರಳ ತುದಿಯಷ್ಟು. ಅದಕ್ಕೆ ಕೆಲವು ನೂರು ವೋಲ್ಟಿನ ವಿದ್ಯುತ್ ಬೇಕು, ಗಾಳಿಯ ಒತ್ತಡಕ್ಕೂ ಉಷ್ಣತೆಗೂ ಲೆಕ್ಕದಲ್ಲಿ ತಿದ್ದುಪಡಿ ಬೇಕು. ತೊಟ್ಟಿಯ ನೀರಿನಲ್ಲಿ ಅದು ಬಂಗಾರದಂಥ ಉಪಕರಣ. ಆದರೆ ಮನುಷ್ಯಳ ಮೂತ್ರಕೋಶಕ್ಕೂ ಗರ್ಭಕೊರಳಿಗೂ ನಡುವಿನ ಸಂದಿಯಲ್ಲಿ ಅದನ್ನು ಇಡುವುದು ಹೇಗೆ?

ಅಳೆಯಬೇಕಾದ್ದಾದರೂ ಎಷ್ಟು ಸೂಕ್ಷ್ಮವಾದದ್ದೆಂದು ಒಂದು ಲೆಕ್ಕದಿಂದ ತಿಳಿಯಬಹುದು. 1975ರಿಂದ ಡೋಸಿನ ಮಾನ ಗ್ರೇ. ಒಂದು ಕಿಲೋಗ್ರಾಂ ಅಂಗಾಂಶ ಹೀರಿಕೊಂಡ ಒಂದು ಜೂಲ್ ಶಕ್ತಿ. ಚಿಕಿತ್ಸೆಯಿಲ್ಲದೆ ಹೋದರೆ ಇಡೀ ಮೈಗೆ ಒಮ್ಮೆಲೇ ಬಿದ್ದ ನಾಲ್ಕೈದು ಗ್ರೇ ಪ್ರಾಣಕ್ಕೆ ಮುಳುವು. ಅರವತ್ತು ಕಿಲೋ ತೂಕದವರಿಗೆ ನಾಲ್ಕು ಗ್ರೇ ಅಂದರೆ 240 ಜೂಲ್. ಒಂದು ಗುಟುಕು ಬಿಸಿ ಕಾಫಿ ಹೊಟ್ಟೆಯಲ್ಲಿ ಆರುವಾಗ ಬಿಡುವ ಶಾಖ ಇದರ ಮೂರು ನಾಲ್ಕು ಪಟ್ಟು! ಒಂದು ಗ್ರೇ ಬಿದ್ದ ನೀರು ಒಂದು ಡಿಗ್ರಿಯ ಹತ್ತು ಸಾವಿರದಲ್ಲಿ ಎರಡೂವರೆ ಭಾಗದಷ್ಟೂ ಬಿಸಿಯಾಗುವುದಿಲ್ಲ. ಅತ್ತೆ "ಮೈಗೆ ತಾಕಲ್ಲ" ಎಂದದ್ದು ಅಕ್ಷರಶಃ ನಿಜ. ಹೀಗೆ ಕೈಗೆ ಸಿಗದ ವಸ್ತುವನ್ನು ನೂರಕ್ಕೆ ಐದರೊಳಗಿನ ತಪ್ಪಿಗೆ ಮೀರದಂತೆ ಕೊಡಬೇಕೆಂದು ವಿಕಿರಣ ಮಾನಗಳ ಅಂತರರಾಷ್ಟ್ರೀಯ ಆಯೋಗ 1976ರಲ್ಲಿ ಹೇಳಿತು. ಕಾರಣವಿಷ್ಟೆ: ಗಡ್ಡೆ ಸಾಯುವ ಡೋಸಿಗೂ ಪಕ್ಕದ ಕರುಳು ತೂತಾಗುವ ಡೋಸಿಗೂ ನಡುವಿನ ಅಂತರ ಬಹಳ ಕಿರಿದು. ಕಡಿಮೆಯಾದರೆ ರೋಗ ಮರಳುತ್ತದೆ, ಹೆಚ್ಚಾದರೆ ಔಷಧಿಯೇ ರೋಗವಾಗುತ್ತದೆ.

ಹೊರಗಿನ ಅಳತೆ ಮತ್ತು ಲೆಕ್ಕ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1986ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಎಂಬ ಊರಿನಲ್ಲಿ ನಡೆದದ್ದು ಸಾಕ್ಷಿ. ಥೆರಾಕ್-25 ಎಂಬ ಯಂತ್ರದ ತಂತ್ರಾಂಶದ ದೋಷದಿಂದ ಎಲೆಕ್ಟ್ರಾನ್ ಧಾರೆ ಚದುರದೆ ನೇರವಾಗಿ ರೋಗಿಯ ಬೆನ್ನಿಗೆ ಹೊಡೆಯಿತು. ಕೊಡಬೇಕಿದ್ದದ್ದು 1.8 ಗ್ರೇ, ಬಿದ್ದದ್ದು 165ರಿಂದ 250 ಗ್ರೇ ಎಂದು ಆಮೇಲೆ ಅಂದಾಜು ಮಾಡಿದರು. ಆದರೆ ಯಂತ್ರದ ಪರದೆ ತೋರಿಸಿದ್ದೇನು? ಕೇಳಿದ್ದು 202 ಅಂಶ, ಕೊಟ್ಟದ್ದು ಬರೀ 6 ಅಂಶ ಎಂದು. ಯಂತ್ರದೊಳಗಿನ ಛೇಂಬರುಗಳು ಆ ಧಾರೆಯ ತೀವ್ರತೆಗೆ ಉಸಿರುಕಟ್ಟಿ ಎಣಿಸುವುದನ್ನೇ ಬಿಟ್ಟಿದ್ದವು. ಡೋಸ್ ಕಡಿಮೆಯಾಗಿದೆಯೆಂದು ನಂಬಿದ ಆಪರೇಟರ್ ಮತ್ತೊಮ್ಮೆ ಗುಂಡಿ ಒತ್ತಿದರು. ಒಳಗಿದ್ದ ರೋಗಿ ಏಳಲು ಒದ್ದಾಡುತ್ತಿದ್ದ. ಆ ದಿನ ಕೋಣೆಯ ಕ್ಯಾಮೆರಾವೂ ಧ್ವನಿಯಂತ್ರವೂ ಕೆಲಸ ಮಾಡುತ್ತಿರಲಿಲ್ಲ. ಐದು ತಿಂಗಳಲ್ಲಿ ಆತ ತೀರಿಕೊಂಡ. 2001ರಲ್ಲಿ ಬೆಳಕಿಗೆ ಬಂದ ಪನಾಮಾ ದೇಶದ ದುರಂತದಲ್ಲಿ ಯಂತ್ರ ಸರಿಯಾಗಿಯೇ ಇತ್ತು, ತಪ್ಪಿದ್ದು ಕಂಪ್ಯೂಟರಿನ ಲೆಕ್ಕ. ಅಲ್ಲಿ 28 ರೋಗಿಗಳಿಗೆ ಹೆಚ್ಚು ಡೋಸ್ ಬಿದ್ದಿತ್ತು. ಎರಡೂ ಕಡೆ ರೋಗಿಯ ಮೈಯಲ್ಲಿ ನಿಂತು ಎಣಿಸುವವರು ಯಾರೂ ಇರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಯೊಳಗೆ ನಿಂತು ಎಣಿಸುವ ಉಪಕರಣದ ಬೀಜ ಆಸ್ಪತ್ರೆಗಳಲ್ಲಿ ಹುಟ್ಟಲಿಲ್ಲ. ಅದು ಹರಳುಗಳ ಬೆಳಕಿನ ಅಧ್ಯಯನದಲ್ಲಿ ಹುಟ್ಟಿತು. ಲಂಡನ್ನಿನ ರಾಬರ್ಟ್ ಬಾಯ್ಲ್ 1663ರಲ್ಲಿ ಒಂದು ವಜ್ರವನ್ನು ಹಾಸಿಗೆಗೆ ಒಯ್ದು, ಕತ್ತಲೆಯಲ್ಲಿ ತನ್ನ ಬೆಚ್ಚಗಿನ ಮೈಗೆ ಒತ್ತಿ ಹಿಡಿದಾಗ ಅದು ಮಂಕಾಗಿ ಮಿನುಗಿದ್ದನ್ನು ಕಂಡು ರಾಯಲ್ ಸೊಸೈಟಿಗೆ ವರದಿ ಮಾಡಿದ. ಕೆಲವು ಹರಳುಗಳು ವಿಕಿರಣದ ಶಕ್ತಿಯನ್ನು ಒಳಗೆ ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಟ್ಟುಕೊಡುತ್ತವೆ. ಇನ್ನು ಕೆಲವು ಕಿರಣ ತಾಗಿದ ಕ್ಷಣದಲ್ಲೇ ಮಿನುಗುತ್ತವೆ.

ಈ ಹರಳುಗಳ ಬೆಳಕನ್ನು ನಮ್ಮ ನಾಡಿನಲ್ಲಿ ಶ್ರದ್ಧೆಯಿಂದ ಓದಿದವರಲ್ಲಿ ಒಬ್ಬರು ಅಣ್ಣಾ ಮಣಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಆನರ್ಸ್ ಮುಗಿಸಿ ಬೆಂಗಳೂರಿಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ವಜ್ರ ಮತ್ತು ಮಾಣಿಕ್ಯಗಳ ಪ್ರತಿದೀಪ್ತಿ, ಅಂದರೆ ಅವು ಹೊರಸೂಸುವ ಬೆಳಕಿನ ಬಣ್ಣಪಟ್ಟಿ, ಅವರ ವಿಷಯವಾಯಿತು. ಹರಳನ್ನು ದ್ರವೀಕರಿಸಿದ ಗಾಳಿಯ ಶೈತ್ಯದಲ್ಲಿಟ್ಟು, ಮಂಕು ಬೆಳಕು ಛಾಯಾಫಲಕದ ಮೇಲೆ ಮೂಡಲು ಹದಿನೈದು ಇಪ್ಪತ್ತು ಗಂಟೆ ಕಾದು ಕೂರಬೇಕಿತ್ತು. 1942ರಿಂದ 1945ರೊಳಗೆ ಒಬ್ಬರೇ ಐದು ಪ್ರಬಂಧಗಳನ್ನು ಪ್ರಕಟಿಸಿದರು. ಡಾಕ್ಟರೇಟಿಗಾಗಿ ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದಾಗ, ಅವರಿಗೆ ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪದವಿ ನಿರಾಕರಿಸಲಾಯಿತು. ಅಣ್ಣಾ ಮಣಿ ಹವಾಮಾನದ ಉಪಕರಣಗಳ ಕಡೆಗೆ ತಿರುಗಿ ಅಲ್ಲಿ ಹೆಸರಾದರು. ಅವರು ಡೋಸ್ ಅಳೆಯಲು ಹೊರಟವರಲ್ಲ. ಆ ಸಾಲಿಗೆ ಅವರನ್ನು ಎಳೆದು ತಂದರೆ ಚರಿತ್ರೆಗೆ ಅಪಚಾರ. ಆದರೂ ಮಾಣಿಕ್ಯವೆಂದರೆ ಕ್ರೋಮಿಯಂ ಬೆರೆತ ಅಲ್ಯೂಮಿನಿಯಂ ಆಕ್ಸೈಡ್ ಎಂಬುದೂ, ಇಂದು ಡೋಸ್ ಅಳೆಯುವ ಹೆಸರಾಂತ ಹರಳುಗಳಲ್ಲಿ ಒಂದು ಇಂಗಾಲ ಬೆರೆತ ಅದೇ ಅಲ್ಯೂಮಿನಿಯಂ ಆಕ್ಸೈಡ್ ಎಂಬುದೂ ನೆನಪಾದಾಗ, ಆ ನಿರಾಕರಣೆಯ ಪತ್ರ ಯಾಕೋ ಹೆಚ್ಚು ಚುಚ್ಚುತ್ತದೆ. ಇನ್ನೊಂದು ಕಾಕತಾಳೀಯ: ಅಡ್ಯಾರಿನ ಡಾ. ಶಾಂತಾ ರಾಮನ್ ಅವರ ಬಂಧುಗಳ ಕುಟುಂಬದವರೇ.

ಹರಳನ್ನು ಮೊದಲು ರೋಗಿಯ ಮೈಯೊಳಗೆ ಕಳಿಸಿದ್ದು 1953ರಲ್ಲಿ, ಅಮೆರಿಕದ ಓಕ್ ರಿಡ್ಜ್‌ನಲ್ಲಿ. ವಿಕಿರಣಶೀಲ ಔಷಧಿ ಪಡೆಯುತ್ತಿದ್ದ ಕ್ಯಾನ್ಸರ್ ರೋಗಿಗಳಿಗೆ ಲಿಥಿಯಂ ಫ್ಲೋರೈಡ್ ಹರಳುಗಳನ್ನು ನುಂಗಿಸಿದರು. ಒಂದೆರಡು ದಿನದ ಮೇಲೆ ಅವು ಹೊರಬಂದಾಗ ತೊಳೆದು, ಕಾಯಿಸಿ, ಬಂದ ಬೆಳಕನ್ನು ಅಳೆದರು. ಓದಿದರೆ ನಗು ಬರುತ್ತದೆ, ಆದರೆ ಒಳಗೆ ಬಿದ್ದದ್ದೆಷ್ಟು ಎಂದು ಒಳಗನ್ನೇ ಕೇಳಿದ ಪ್ರಯತ್ನಗಳಲ್ಲಿ ಅದು ತೀರ ಮೊದಲಿನದು.

ಭಾರತದಲ್ಲಿ ಇಂಥ ಹರಳುಗಳು ರೋಗಿಗಿಂತ ಮೊದಲು ನೌಕರನ ಎದೆಯ ಮೇಲೆ ನೆಲೆಸಿದವು. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಬಿಲ್ಲೆಯಲ್ಲಿ ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟಿನ ಮೂರು ತಟ್ಟೆಗಳಿರುತ್ತವೆ. ಆಸ್ಪತ್ರೆಯ ವಿಕಿರಣ ವಿಭಾಗದವರು ಅದನ್ನು ಅಂಗಿಗೆ ಸಿಕ್ಕಿಸಿಕೊಂಡಿರುತ್ತಾರೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ, ಎಷ್ಟು ಬಿದ್ದಿದೆಯೆಂದು ಓದಿಸಿ ದಾಖಲಿಸುತ್ತಾರೆ. ಅತ್ತೆ ಅದನ್ನೂ ಬಿಟ್ಟಿರಲಿಲ್ಲ. ಮೇಜಿನ ಮೇಲೆ ಮಲಗಿಸುತ್ತಿದ್ದ ಹುಡುಗನ ಜೇಬಿನ ಮೇಲಿನ ಬಿಲ್ಲೆ ಏನೆಂದು ನನ್ನ ಮುರುಕು ತಮಿಳಿನಲ್ಲಿ ಕೇಳಿಸಿದರು. ತನಗೆ ಎಷ್ಟು ವಿಕಿರಣ ತಾಗಿತೆಂದು ತಿಳಿಯಲು ಎಂದು ಅವನು ಹೇಳಿದ. "ಅವನಿಗೆ ಲೆಕ್ಕ ಇಡ್ತಾರೆ. ಸುರಿಯೋದು ನನ್ನ ಮೇಲೆ" ಎಂದು ಅತ್ತೆ ಹೊರಗೆ ಬಂದು ನಕ್ಕರು. ಅವನ ಮೇಲೆ ಬೀಳಬಾರದು, ಅವರ ಮೇಲೆ ಬೀಳಲೇಬೇಕು. ವ್ಯತ್ಯಾಸ ನನಗೂ ಗೊತ್ತಿತ್ತು. ಆದರೂ ಮಾತು ತಪ್ಪೆನ್ನಲು ಆಗಲಿಲ್ಲ.

ಕಾಯಿಸಿ ಓದುವ ಹರಳಿನ ಕೊರತೆ ಒಂದೇ, ಅದು ಆಮೇಲೆ ಹೇಳುತ್ತದೆ. ಟೈಲರಿನ ರೋಗಿಯ ಬೆನ್ನಿನ ಮೇಲೆ ಅಂಥ ಹರಳಿದ್ದಿದ್ದರೆ ಮರುದಿನ ಅದು ನಿಜ ನುಡಿಯುತ್ತಿತ್ತು, ಎರಡನೆಯ ಸಲ ಗುಂಡಿ ಒತ್ತುವುದನ್ನು ತಡೆಯುತ್ತಿರಲಿಲ್ಲ. ಆ ಕ್ಷಣದಲ್ಲೇ ಸುದ್ದಿ ಬೇಕಾದರೆ ಹರಳಿನ ಬೆಳಕು ಮೈಯೊಳಗಿಂದ, ಎರಡು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆಯ ಆಚೆಗೆ, ನೋಡುವವರ ಬಳಿಗೆ ಹರಿದು ಬರಬೇಕು. ಅದಕ್ಕೆ ಬೇಕಾದದ್ದು ಬೆಳಕಿನ ಕೊಳವೆ.

ಅದನ್ನು ಕೊಟ್ಟವರಲ್ಲಿ ಮೊದಲ ಹೆಸರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಅವರದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹಾಪ್ಕಿನ್ಸ್ ಅವರ ಜೊತೆಗೂಡಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಿದ್ದನ್ನು 1954ರಲ್ಲಿ ಪ್ರಕಟಿಸಿದರು. ಅಡ್ಯಾರಿನ ಆಸ್ಪತ್ರೆ ತೆರೆದ ವರ್ಷವೇ ಅದು. 1966ರಲ್ಲಿ ಚಾರ್ಲ್ಸ್ ಕಾವ್ ಶುದ್ಧವಾದ ಗಾಜಿನ ಎಳೆಯಲ್ಲಿ ಬೆಳಕು ದೂರ ದೂರ ಹೋಗಬಲ್ಲದೆಂದು ತೋರಿಸಿದ ಮೇಲೆ ಆಪ್ಟಿಕಲ್ ಫೈಬರ್ ದೂರವಾಣಿಯ ಸ್ವತ್ತಾಯಿತು. ಆ ಕಥೆ ಎಲ್ಲರಿಗೂ ಗೊತ್ತು.

ಡೋಸಿನ ವಿಷಯಕ್ಕೆ ಅದನ್ನು ಗಟ್ಟಿಯಾಗಿ ತಂದದ್ದು 1992ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆದ್ದಾರ್, ಮ್ಯಾಕಿ ಮತ್ತು ಆಟಿಕ್ಸ್ ಎಂಬ ಮೂವರು. ಉಪಕರಣದ ರಚನೆ ನಂಬಲಾಗದಷ್ಟು ಸರಳ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ, ಅದರ ತುದಿಯಲ್ಲಿ ಕೆಲವು ಮಿಲಿಮೀಟರ್ ಉದ್ದದ ಮಿನುಗುವ ಪ್ಲಾಸ್ಟಿಕ್ ತುಣುಕು, ಹೊರಗಿನ ಬೆಳಕು ನುಸುಳದಂತೆ ಕಪ್ಪು ಕವಚ. ವಿಕಿರಣ ತಾಗಿದಾಗ ತುಣುಕು ಸೆಕೆಂಡಿನ ಶತಕೋಟಿಯಲ್ಲಿ ಕೆಲವೇ ಭಾಗದೊಳಗೆ ಮಿನುಗುತ್ತದೆ. ಎಳೆ ಆ ಮಿನುಗನ್ನು ಹೊರಗಿನ ಬೆಳಕಿನ ಮಾಪಕಕ್ಕೆ ಮುಟ್ಟಿಸುತ್ತದೆ. ಮೈಯೊಳಗೆ ವಿದ್ಯುತ್ತಿಲ್ಲ, ವೋಲ್ಟಿಲ್ಲ, ಲೋಹವಿಲ್ಲ. ಪ್ಲಾಸ್ಟಿಕ್ ವಿಕಿರಣದ ಕಣ್ಣಿಗೆ ಬಹುಮಟ್ಟಿಗೆ ನೀರಿನಂತೆಯೇ ಕಾಣುವುದರಿಂದ, ಅಳೆಯಲು ಹೋದ ಎಳೆ ಅಳೆಯಬೇಕಾದ ಡೋಸನ್ನೇ ಕೆಡಿಸುವುದಿಲ್ಲ.

ಸರಳವಾದದ್ದು ಸುಲಭವಾಗಿ ಕೈಗೆ ಬರಲಿಲ್ಲ. ಮೊದಲ ತೊಡಕು ಚೆರೆಂಕೋವ್ ಬೆಳಕು. ಪ್ಲಾಸ್ಟಿಕ್ಕಿನೊಳಗೆ ಬೆಳಕಿಗಿಂತ ವೇಗವಾಗಿ ಎಲೆಕ್ಟ್ರಾನ್ ಓಡಿದರೆ ನೀಲಿ ಬೆಳಕೊಂದು ಹುಟ್ಟುತ್ತದೆ. ಅದನ್ನು 1934ರಲ್ಲಿ ಗುರುತಿಸಿದ ರಷ್ಯಾದ ಚೆರೆಂಕೋವ್‌ಗೆ 1958ರಲ್ಲಿ ನೊಬೆಲ್ ಬಂತು. ಚಿಕಿತ್ಸೆಯ ಕಿರಣ ತುದಿಯ ತುಣುಕಿಗಷ್ಟೇ ಬೀಳದೆ ಎಳೆಯ ಉದ್ದಕ್ಕೂ ಬೀಳುತ್ತದಲ್ಲ, ಎಳೆಯೇ ಸುಳ್ಳು ಬೆಳಕನ್ನು ಸೇರಿಸತೊಡಗಿತು. ಸುದ್ದಿ ತರಬೇಕಾದ ದೂತ ದಾರಿಯಲ್ಲಿ ತನ್ನದೂ ನಾಲ್ಕು ಮಾತು ಸೇರಿಸಿದ ಹಾಗೆ. ವಿಸ್ಕಾನ್ಸಿನ್ನಿನವರು ತುಣುಕಿಲ್ಲದ ಇನ್ನೊಂದು ಎಳೆಯನ್ನು ಪಕ್ಕದಲ್ಲಿ ಕಟ್ಟಿ, ಅದರ ಬೆಳಕನ್ನು ಮೊದಲಿನದರಿಂದ ಕಳೆದರು. ಮುಂದೆ ಬಂದವರು ಎರಡು ಬೆಳಕುಗಳ ಬಣ್ಣ ಬೇರೆ ಎಂಬುದನ್ನು ಬಳಸಿ, ಬಣ್ಣದಿಂದಲೇ ಬೇರ್ಪಡಿಸುವುದನ್ನು ಕಲಿತರು. ಎಳೆಯೊಂದೇ ಸಾಕಾಯಿತು.

ಎರಡನೆಯ ತೊಡಕು ಇನ್ನೂ ಸ್ವಾರಸ್ಯದ್ದು, ಸ್ವಲ್ಪ ನಾಚಿಕೆಯದ್ದೂ. ಪ್ಲಾಸ್ಟಿಕ್ ತುಣುಕುಗಳಿಗೆ ಉಷ್ಣತೆಯ ಹಂಗಿಲ್ಲವೆಂದು ಇಪ್ಪತ್ತು ವರ್ಷ ಎಲ್ಲರೂ ನಂಬಿದ್ದರು. ಸುಮಾರು 2013ರಲ್ಲಿ ಎಚ್ಚರಿಕೆಯಿಂದ ಅಳೆದು ನೋಡಿದಾಗ, ಕೆಲವು ಬಗೆಯ ತುಣುಕುಗಳಲ್ಲಿ ಪ್ರತಿ ಡಿಗ್ರಿ ಏರಿಕೆಗೆ ಬೆಳಕು ಶೇಕಡಾ 0.5ರಷ್ಟು ಕುಗ್ಗುವುದು ತಿಳಿಯಿತು. ತಣ್ಣಗಿನ ಕೋಣೆಯಲ್ಲಿ 22 ಡಿಗ್ರಿಯಲ್ಲಿ ಸರಿಹೊಂದಿಸಿದ ಎಳೆ 37 ಡಿಗ್ರಿಯ ಮೈಯೊಳಗೆ ಹೋದರೆ ಏಳೂವರೆ ಶೇಕಡಾ ಕಡಿಮೆ ಹೇಳುತ್ತದೆ. ಒಪ್ಪಿಕೊಂಡ ಮಿತಿ ಐದು ಶೇಕಡಾ ಎಂಬುದನ್ನು ನೆನೆಯಿರಿ. ಚೆನ್ನೈನ ಬೇಸಿಗೆಯಲ್ಲಿ, ಎ.ಸಿ. ಇಲ್ಲದ ಕೋಣೆಯಲ್ಲಿ ಈ ಪ್ರಯೋಗ ಮಾಡಿದ್ದಿದ್ದರೆ ಬಹುಶಃ ಬೇಗ ಗೊತ್ತಾಗುತ್ತಿತ್ತೇನೋ ಎಂದು ನನಗನ್ನಿಸಿದ್ದುಂಟು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಎಳೆಯ ತುದಿಯನ್ನು ಕೊರೆದು ಅದರೊಳಗೆ ಟೆರ್ಬಿಯಂ ಬೆರೆತ ಗಡೊಲಿನಿಯಂ ಆಕ್ಸಿಸಲ್ಫೈಡ್ ಪುಡಿ ತುಂಬಿದರು. ಅದು ಎಕ್ಸ್‌ರೇ ಪರದೆಗಳಲ್ಲಿ ಬಳಸುವ, ಬಹಳ ಪ್ರಕಾಶಮಾನವಾದ ವಸ್ತು. ಹಾಗಾಗಿ ಎಳೆಯನ್ನು ಇನ್ನೂ ತೆಳ್ಳಗೆ ಮಾಡಬಹುದು. ಭಾರವಾದ ಧಾತುಗಳಿರುವುದರಿಂದ ಅದು ಕಡಿಮೆ ಶಕ್ತಿಯ ಕಿರಣಗಳಿಗೆ ಅತಿಯಾಗಿ ಸ್ಪಂದಿಸುತ್ತದೆಂಬುದು ಅದಕ್ಕೆ ತೆರುವ ಬೆಲೆ. ಮಲೇಷ್ಯಾದ ಸಂಶೋಧಕರು ಜರ್ಮೇನಿಯಂ ಬೆರೆತ ಗಾಜಿನ ಎಳೆಯ ಚೂರುಗಳನ್ನೇ ಕಾಯಿಸಿ ಓದುವ ಹರಳಿನಂತೆ ಬಳಸಿದರು.

ಈ ಎಳೆಗಳು ಎಲ್ಲಿ ಹೆಚ್ಚು ಬೇಕು ಎಂದು ನನ್ನನ್ನು ಕೇಳಿದರೆ, ಅತ್ತೆಯಂಥವರ ಚಿಕಿತ್ಸೆಯ ಎರಡನೆಯ ಭಾಗದಲ್ಲಿ ಎನ್ನುತ್ತೇನೆ. ಗರ್ಭಕೊರಳಿನ ಕ್ಯಾನ್ಸರಿಗೆ ಹೊರಗಿನ ಕಿರಣದ ಜೊತೆಗೆ ಬ್ರಾಕಿಥೆರಪಿ ಎಂಬ ಒಳಗಿನ ಚಿಕಿತ್ಸೆಯೂ ಇದೆ: ವಿಕಿರಣದ ಮೂಲವನ್ನೇ ಗರ್ಭಕೋಶದೊಳಗೆ ಇಡುವುದು. ಹಿಂದೆ ರೇಡಿಯಂ ಇಡುತ್ತಿದ್ದರು. ಈಗ ಹೆಚ್ಚಿನ ಕಡೆ ಇರಿಡಿಯಂನ, ಕೆಲವೇ ಮಿಲಿಮೀಟರ್ ಉದ್ದದ ಕಡ್ಡಿಯೊಂದು ತಂತಿಯ ತುದಿಯಲ್ಲಿ ಕೊಳವೆಯೊಳಗೆ ಹೋಗಿ ಹೆಜ್ಜೆ ಹೆಜ್ಜೆಯಾಗಿ ನಿಂತು ಮರಳುತ್ತದೆ. ಅದರ ಅರ್ಧಾಯು 74 ದಿನ, ಆದ್ದರಿಂದ ಲೆಕ್ಕ ದಿನದಿನಕ್ಕೂ ಬದಲಾಗುತ್ತದೆ. ಮೂಲದಿಂದ ದೂರ ಇಮ್ಮಡಿಯಾದರೆ ಡೋಸ್ ಕಾಲುಭಾಗಕ್ಕೆ ಇಳಿಯುತ್ತದೆ. ಹತ್ತು ಮಿಲಿಮೀಟರ್ ದೂರದಲ್ಲಿರಬೇಕಾದ ಕರುಳಿನ ಗೋಡೆ ಒಂಬತ್ತಕ್ಕೆ ಸರಿದರೆ ಅದರ ಮೇಲಿನ ಡೋಸ್ ಶೇಕಡಾ 23ರಷ್ಟು ಏರುತ್ತದೆ. ಒಂದು ಮಿಲಿಮೀಟರ್! ಮೂತ್ರಕೋಶ ತುಂಬಿದರೂ ಬರಿದಾದರೂ ಇದಕ್ಕಿಂತ ಹೆಚ್ಚು ಸರಿಯುತ್ತದೆ. ಗುದನಾಳದೊಳಗೆ ಒಂದು ತೆಳ್ಳನೆಯ ಎಳೆ ಇದ್ದರೆ, ಕಡ್ಡಿ ಒಂದೊಂದು ಹೆಜ್ಜೆ ಇಟ್ಟಾಗಲೂ ಬೆಳಕಿನ ಏರಿಳಿತ ಹೊರಗೆ ಕಾಣುತ್ತದೆ. ಕೊಳವೆಗಳು ಅದಲುಬದಲಾದರೂ ಏರಿಳಿತದ ವಿನ್ಯಾಸ ತಪ್ಪಿ, ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬಹುದು. ಡೆನ್ಮಾರ್ಕಿನ ರಿಸೊ ಪ್ರಯೋಗಾಲಯದವರು ಆರ್ಹುಸ್ ಆಸ್ಪತ್ರೆಯವರ ಜೊತೆಗೂಡಿ, ಅಲ್ಯೂಮಿನಿಯಂ ಆಕ್ಸೈಡ್ ಹರಳನ್ನು ಎಳೆಗೆ ಅಂಟಿಸಿ, ಗರ್ಭಕೊರಳಿನ ಕ್ಯಾನ್ಸರಿನ ರೋಗಿಗಳಲ್ಲಿ ಇದನ್ನೇ ಮಾಡಿ 2009ರಲ್ಲಿ ಪ್ರಕಟಿಸಿದರು.

ಎಳೆಯ ಬೆಲೆ ದೊಡ್ಡದಲ್ಲ. ಪ್ಲಾಸ್ಟಿಕ್ ಅಗ್ಗ. ಖರ್ಚು ಬೀಳುವುದು ಅದರ ಹಿಂದೆ ಕೂತು ಓದುವ ಮನುಷ್ಯನಿಗೆ: ಪ್ರತಿ ರೋಗಿಗೂ ಎಳೆ ಸರಿಹೊಂದಿಸುವ, ಇಡುವ, ಓದುವ, ಸಂಶಯ ಬಂದರೆ 'ನಿಲ್ಲಿಸಿ' ಎನ್ನುವ ಭೌತವಿಜ್ಞಾನಿಗೆ. ಬಾಗಿಲ ಹೊರಗೆ ಬೆಂಚಿನ ತುಂಬ ಜನ ಕಾದಿರುವ ಆಸ್ಪತ್ರೆಯಲ್ಲಿ ಪ್ರತಿ ರೋಗಿಗೆ ಹತ್ತು ನಿಮಿಷ ಹೆಚ್ಚೆಂದರೆ ಸಂಜೆಗೆ ಕೆಲವರು ಚಿಕಿತ್ಸೆಯಿಲ್ಲದೆ ಮರಳಬೇಕಾಗುತ್ತದೆ. ಅಳತೆಯ ಪರವಾಗಿ ವಾದಿಸುವ ನನ್ನಂಥವರು ಈ ಬೆಂಚನ್ನು ಮರೆಯಬಾರದು. ಆ ಮನುಷ್ಯರನ್ನು ತಯಾರು ಮಾಡುವ ಕೆಲಸ ನಮ್ಮಲ್ಲಿ ನಡೆದೇ ಇದೆ. ಮುಂಬಯಿಯ ಅಣು ಕೇಂದ್ರ 1962ರಿಂದ ಆಸ್ಪತ್ರೆಯ ಭೌತವಿಜ್ಞಾನಿಗಳಿಗೆ ಡಿಪ್ಲೊಮಾ ನಡೆಸುತ್ತಿದೆ. ಚೆನ್ನೈನ ಗಿಂಡಿಯಲ್ಲಿರುವ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ವಿಭಾಗವಿದೆ. ಯಂತ್ರ ಬಂದಾಗ ಫಲಕದ ಮೇಲೆ ಮಂತ್ರಿಯ ಹೆಸರು ಕೆತ್ತುತ್ತಾರೆ. ತೊಟ್ಟಿಗೆ ನೀರು ತುಂಬಿಸಿ ರಾತ್ರಿಯೆಲ್ಲ ಆ ಯಂತ್ರವನ್ನು ಅಳೆದವರ ಹೆಸರನ್ನು ಕೆತ್ತಿದ ಫಲಕ ನಾನು ಎಲ್ಲೂ ಕಂಡಿಲ್ಲ.

2019ರ ಜನವರಿಯಲ್ಲಿ ಚೆನ್ನೈನ ತರಮಣಿಯಲ್ಲಿ ಅಪೋಲೊ ಸಂಸ್ಥೆಯ ಪ್ರೋಟಾನ್ ಕೇಂದ್ರ ತೆರೆಯಿತು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಪ್ರೋಟಾನ್ ಚಿಕಿತ್ಸೆಯ ಸಲಹೆ ಬಂದದ್ದು 1946ರಲ್ಲಿ, ಅಮೆರಿಕದ ರಾಬರ್ಟ್ ವಿಲ್ಸನ್ ಅವರಿಂದ. ಗಾಮಾ ಕಿರಣ ಮೈಯನ್ನು ತೂರಿ ಆಚೆಗೆ ಹೋಗುತ್ತದೆ; ಪ್ರೋಟಾನ್ ಹಾಗಲ್ಲ. ಅದು ನಿಗದಿತ ಆಳದವರೆಗೆ ಹೋಗಿ, ನಿಲ್ಲುವ ಮುನ್ನ ತನ್ನ ಶಕ್ತಿಯ ದೊಡ್ಡ ಪಾಲನ್ನು ಅಲ್ಲೇ ಸುರಿಯುತ್ತದೆ. ಅದರಾಚೆ ಹೆಚ್ಚೇನೂ ಬೀಳುವುದಿಲ್ಲ. ಎಲ್ಲಿ ನಿಂತಿತು ಎಂಬುದೇ ಇಲ್ಲಿ ಸರ್ವಸ್ವ. ಕೆಲವು ಮಿಲಿಮೀಟರ್ ಮುಂದೆ ಹೋದರೆ ಗಡ್ಡೆಯ ಹಿಂದಿನ ನರಕ್ಕೆ ಪೂರ್ತಿ ಡೋಸ್. ಒಳಗೆ ನಿಂತು ಎಣಿಸುವವರ ಅಗತ್ಯ ಹಿಂದೆಂದಿಗಿಂತ ಹೆಚ್ಚಿರುವ ಈ ಜಾಗದಲ್ಲಿ ನಮ್ಮ ಮಿನುಗುವ ಎಳೆ ಮತ್ತೆ ತಡವರಿಸುತ್ತದೆ. ಪ್ರೋಟಾನ್ ನಿಲ್ಲುವ ತಾಣದಲ್ಲಿ ಶಕ್ತಿ ಎಷ್ಟು ಒತ್ತೊತ್ತಾಗಿ ಬೀಳುತ್ತದೆಂದರೆ, ತುಣುಕಿನ ಅಣುಗಳು ಅದನ್ನೆಲ್ಲ ಬೆಳಕಾಗಿ ಪರಿವರ್ತಿಸಲಾರದೆ ಹೋಗುತ್ತವೆ. ಬರ್ಕ್ಸ್ ಎಂಬಾತ 1951ರಲ್ಲೇ ಇದರ ಸೂತ್ರ ಕೊಟ್ಟಿದ್ದಾನೆ. ಡೋಸ್ ಅತಿ ಹೆಚ್ಚಿರುವಲ್ಲಿಯೇ ಎಳೆ ಕಡಿಮೆ ಹೇಳುತ್ತದೆ. ಲೆಕ್ಕದಿಂದ ಇದನ್ನು ತಿದ್ದುವವರಿದ್ದಾರೆ. ತುಣುಕಿನ ಬದಲು ಎಳೆಯ ಗಾಜಿನಲ್ಲೇ ಹುಟ್ಟುವ ಬೆಳಕನ್ನು ಬಳಸಿ ನೋಡುವವರೂ ಇದ್ದಾರೆ.

ಅತ್ತೆ ಆ ಚಿಕಿತ್ಸೆಯ ಬಳಿಕ ಹನ್ನೊಂದು ವರ್ಷ ಬದುಕಿದರು. ರೋಗ ಮರಳಲಿಲ್ಲ. ಕೊನೆಯ ಮೂರ್ನಾಲ್ಕು ವರ್ಷ ಮಲದಲ್ಲಿ ಆಗಾಗ ರಕ್ತ ಬೀಳುತ್ತಿತ್ತು. ಕೋಲಾರದ ವೈದ್ಯರು ಅದು ಹಳೆಯ ವಿಕಿರಣದ ಫಲವೆಂದರು. ಅವರ ಗುದನಾಳಕ್ಕೆ ಬಿದ್ದ ಡೋಸ್ ಎಷ್ಟೆಂದು ಅವರ ಕಡತದಲ್ಲಿ ಒಂದು ಅಂಕಿ ಇತ್ತು. ಅದು ಲೆಕ್ಕದಿಂದ ಬಂದ ಅಂಕಿ.